ಅಕ್ಕನ ಕಂಪ್ಯೂಟರಿನಲ್ಲಿ ನಾಲ್ಕು ಪೈಥಾನ್

ಅಕ್ಕ ಹೃದ್ರೋಗ ತಜ್ಞೆ. ರೋಗಿಯ ಹೃದಯ ಹೇಗೆ ಬಡಿಯುತ್ತದೆಂದು ಲೆಕ್ಕಹಾಕಿ ಪರದೆಯ ಮೇಲೆ ತೋರಿಸುವ ತಂತ್ರಾಂಶವೊಂದು ಅವಳ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ. ಮನೆಮಂದಿಯಲ್ಲೆಲ್ಲ ಕಂಪ್ಯೂಟರ್ ಪಂಡಿತನೆಂದು ಹೆಸರು ಮಾಡಿಕೊಂಡಿದ್ದ ನಾನು, "ಹತ್ತು ನಿಮಿಷದ ಕೆಲಸ" ಎಂದು ಅವಳ ಕುರ್ಚಿಯಲ್ಲೇ ಕೂತುಬಿಟ್ಟೆ. ಅದು ಸೋಮವಾರ.

ತಂತ್ರಾಂಶದ ಲೆಕ್ಕವೆಲ್ಲ ನಡೆಯುವುದು ಸಿ++ ಭಾಷೆಯಲ್ಲಿ. ಅದಕ್ಕೆ ಅಕ್ಕ ಆಜ್ಞೆ ಬರೆಯುವುದು ಇನ್ನೊಂದು ಭಾಷೆಯಾದ ಪೈಥಾನ್‌ನಲ್ಲಿ. ಇದರ ಮಾತನ್ನು ಅದಕ್ಕೆ ಮುಟ್ಟಿಸುವ ಮಧ್ಯವರ್ತಿಯಂಥ ಭಾಗವೊಂದನ್ನು ನಾವೇ ಕಟ್ಟಿಕೊಳ್ಳಬೇಕು. ಕಟ್ಟಿದೆ, ನಲವತ್ತು ನಿಮಿಷ ಹಿಡಿಯಿತು. ಓಡಿಸಿದರೆ, ಪೈಥಾನ್ ಅಂಥದೊಂದು ಭಾಗವೇ ಇಲ್ಲ ಎಂದಿತು.

"ನಿನ್ನ ಪೈಥಾನ್ ಹಳೇದು," ಎಂದು ಅಕ್ಕನದಕ್ಕೆ ಮೂಗು ಮುರಿದು ಹೊಸ ಆವೃತ್ತಿ ಹಾಕಿದೆ. ಆಗಲಿಲ್ಲ. ತೀರಾ ಹೊಸದಾಯಿತೇನೋ ಎಂದು ನಡುವಿನದೊಂದು ಹಾಕಿದೆ. ಅಕ್ಕನದೂ ಯಂತ್ರದ ಜೊತೆಗೇ ಬಂದದ್ದೂ ಸೇರಿ ಬುಧವಾರದ ಹೊತ್ತಿಗೆ ನಾಲ್ಕಾದವು. ತಂತ್ರಾಂಶ ಬರೆದವರನ್ನು ಬೈದೆ, ಯಂತ್ರ ಕೊಡಿಸಿದವರನ್ನು ಬೈದೆ. ಪಕ್ಕದ ಮೇಜಿನವರು ಎದ್ದು ಬೇರೆ ಕೋಣೆಗೆ ಹೋದರು.

ಶುಕ್ರವಾರ ಶಸ್ತ್ರಚಿಕಿತ್ಸಕರ ಮುಂದೆ ಅಕ್ಕ ರೋಗಿಯೊಬ್ಬರ ಹೃದಯ ತೋರಿಸಬೇಕಿತ್ತು. ಬುಧವಾರ ಸಂಜೆ ವಾರ್ಡಿನಿಂದ ಬಂದವಳು ನನ್ನ ಹಿಂದೆ ನಿಂತಳು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಕಟ್ಟೋವಾಗ ಅದು ಯಾವ ಪೈಥಾನ್ ಹಿಡ್ಕೊಂಡಿದೆ? ಓಡಿಸೋವಾಗ ನೀನು ಯಾವುದನ್ನ ಕರೀತಿದ್ದೀಯ?"

"ಅದೆಲ್ಲ ಅಷ್ಟು ಸಲೀಸಲ್ಲ ಅಕ್ಕ."

"ಎಲ್ಲಾದ್ರೂ ಬರೆದಿರುತ್ತಾ?"

"ಬರೆದಿರುತ್ತೆ."

"ಓದಿದ್ಯಾ?"

ಓದಿರಲಿಲ್ಲ. ಮೂರು ದಿನ ಕಟ್ಟುವಾಗಲೆಲ್ಲ ಕಣ್ಣೆದುರೇ ಉರುಳಿಹೋಗುತ್ತಿದ್ದ ಸಾಲುಗಳಲ್ಲಿ ಆರನೆಯದು ಸ್ಪಷ್ಟವಾಗಿ ಹೇಳುತ್ತಿತ್ತು: ಸಿಕ್ಕಿದ್ದು ಪೈಥಾನ್ 3.8. ಯಂತ್ರದ ಜೊತೆ ಬಂದದ್ದು ಅದೇ. ಕಟ್ಟುವ ಸಾಧನ ಮೊದಲ ದಿನ ಅದನ್ನು ಹಿಡಿದದ್ದು ಬಿಟ್ಟೇ ಇರಲಿಲ್ಲ. ನಾನು ಮಾತ್ರ ದಿನಕ್ಕೊಂದು ಬೇರೆಯದರಿಂದ ಓಡಿಸುತ್ತಿದ್ದೆ. ಒಂದರಲ್ಲಿ ಕಟ್ಟಿದ್ದು ಇನ್ನೊಂದರ ಕಣ್ಣಿಗೆ ಬೀಳುವುದಿಲ್ಲ.

ನಾನು ಹಾಕಿದ್ದೆರಡನ್ನೂ ಕಿತ್ತೆ. ಅರೆಬರೆ ಕಟ್ಟಿದ್ದನ್ನೆಲ್ಲ ಅಳಿಸಿ, ಅಕ್ಕನ ಅದೇ ಹಳೆಯ 3.10ರ ವಿಳಾಸವನ್ನು ಕಟ್ಟುವ ಸಾಧನಕ್ಕೆ ಒಂದಕ್ಷರ ಬಿಡದೆ ಬರೆದುಕೊಟ್ಟೆ. ಮತ್ತೆ ನಲವತ್ತು ನಿಮಿಷ. ಅಷ್ಟು ಹೊತ್ತು ನಾನು ಕಂಪ್ಯೂಟರ್ ಬಗ್ಗೆ ಏನೂ ಮಾತಾಡಲಿಲ್ಲ; ಅದೊಂದು ದಾಖಲೆ.

ಪರದೆಯ ಮೇಲೆ ಕೆಂಪು ಹೃದಯವೊಂದು ಮೂಡಿ ಮೆಲ್ಲಗೆ ಬಡಿಯತೊಡಗಿತು. ಅಕ್ಕ ನನ್ನನ್ನು ಮರೆತೇ ಬಿಟ್ಟು ಮುಂದಕ್ಕೆ ಬಾಗಿದಳು.

"ಎಡಗಡೆ ಗೋಡೆ ನೋಡು, ತಡವಾಗಿ ಹಿಂಡ್ಕೋತಿದೆ. ನನಗೆ ಅನುಮಾನ ಇದ್ದದ್ದೇ ಇದು."

"ಹೌದು, ಚೆನ್ನಾಗಿ ಕಾಣ್ತಿದೆ," ಎಂದು ನಾನು ಬೆರಳಿಟ್ಟು ತೋರಿಸಿದೆ.

"ಅದು ಬಲಗಡೇದು," ಎಂದಳು ಅಕ್ಕ.