ನಾನೊಬ್ಬಳೇ ಅಂದುಕೊಂಡಿದ್ದೆ

ತೀರಿಕೊಂಡ ಅತ್ತೆಗೆ ಕೊನೆಯ ಬಾರಿ ರವಿಕೆ ತೊಡಿಸಿ ತೋಳಿನ ಗುಂಡಿ ಹಾಕುತ್ತಿದ್ದ ಸೊಸೆ ಬಿಕ್ಕುವ ಸದ್ದಿಗೆ ತಿರುಗಿ ನೋಡಿದಳು. ಬಾಗಿಲಲ್ಲಿ ನಿವೃತ್ತ ಟೀಚರ್ ನಿಂತಿದ್ದರು. ಅತ್ತೆಯ ಹತ್ತಿರ ಬಟ್ಟೆ ಹೊಲಿಸುತ್ತಿದ್ದವರು, ಅಷ್ಟೇ. ಆದರೆ ಒಡಹುಟ್ಟಿದವರಂತೆ ಅಳುತ್ತಿದ್ದರು.

"ಟೈಲರಕ್ಕ ಇಲ್ದಿದ್ರೆ ನಾನು ಮನೆಯಿಂದ ಆಚೆಗೇ ಬರ್ತಿರ್ಲಿಲ್ಲಮ್ಮ. ಪ್ರತಿ ಸಲ ದಪ್ಪ ಬಟ್ಟೆ, ಕಪ್ಪು ಬಣ್ಣಾನೇ ಬೇಕು ಅಂತಿದ್ದೆ. ಒಂದ್ಸಲ ಅಳತೆ ತಗೊಳ್ತಾ ಮೆಲ್ಲಗೆ ಕೇಳಿದ್ರು: ಟೀಚರೇ, ಕೆಮ್ಮಿದ್ರೆ ಒಂದಕ್ಕೆ ತಡ್ಕೊಳ್ಳೋಕಾಗಲ್ವಾ? ಭೂಮಿ ಬಾಯ್ಬಿಡಬಾರ್ದಾ ಅನ್ನಿಸ್ತು. ಮಾರನೇ ದಿನ ಅವರೇ ಕೈ ಹಿಡ್ಕೊಂಡು ಡಾಕ್ಟರ್ ಹತ್ರ ಕರ್ಕೊಂಡು ಹೋದ್ರು."

ಹೂ ಜೋಡಿಸುತ್ತಿದ್ದ ಪಕ್ಕದ ಬೀದಿಯ ಬೇಕರಿಯವಳು ತಲೆ ಎತ್ತಿದಳು. "ನಿಮ್ಮನ್ನೂನಾ? ನಾನೊಬ್ಬಳೇ ಅಂದ್ಕೊಂಡಿದ್ದೆ!"

ಟೀಚರ್ ಅಳುತ್ತಲೇ ನಕ್ಕುಬಿಟ್ಟರು. "ನೋಡಿ, ನಿಮ್ಮ ವಿಷಯ ನನ್ನ ಹತ್ರ, ನನ್ನ ವಿಷಯ ನಿಮ್ಮ ಹತ್ರ ಬಾಯಿ ಬಿಡಲಿಲ್ಲ ಪುಣ್ಯಾತ್ಗಿತ್ತಿ."

*

ಕೆಲವು ವರ್ಷಗಳ ಹಿಂದೆ ಅತ್ತೆಯೂ ಹೊರಗೆ ಹೋಗುವುದನ್ನೇ ಬಿಟ್ಟಿದ್ದರು. ಮೊಮ್ಮಗಳ ಶಾಲೆಯ ನಾಟಕಕ್ಕೂ ಹೋಗಲಿಲ್ಲ. ಕೇಳಿದರೆ ಮಂಡಿನೋವು ಎನ್ನುತ್ತಿದ್ದರು. ಒಂದು ಬೆಳಿಗ್ಗೆ, ಹೊಲಿಗೆ ಯಂತ್ರದ ಮುಂದಿನ ಕುರ್ಚಿಯ ದಿಂಬನ್ನು ಕದ್ದುಮುಚ್ಚಿ ತೊಳೆಯುವಾಗ ಸೊಸೆಯ ಕಣ್ಣಿಗೆ ಬಿದ್ದರು.

"ವಯಸ್ಸಾಯ್ತಲ್ಲೇ, ಇದೆಲ್ಲ ಇದ್ದದ್ದೇ. ನಿನ್ನ ಗಂಡನಿಗೆ ಹೇಳ್ಬೇಡ."

"ಹೇಳಲ್ಲ. ಆದ್ರೆ ಡಾಕ್ಟರ್ ಹತ್ರ ಹೋಗೋಣ, ಅತ್ತೆ."

ಡಾಕ್ಟರಮ್ಮ ಅವಸರಪಡದೆ ಎಲ್ಲ ಕೇಳಿದರು. ಪರೀಕ್ಷೆ ಮಾಡಿಸಿ ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು, ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮ ಕಲಿಸಿದರು. "ನಾಚಿಕೆ ಪಡೋ ವಿಷಯ ಅಲ್ಲಮ್ಮ ಇದು. ಬಿಡದೆ ಮಾಡಿ, ಹತೋಟಿಗೆ ಬರುತ್ತೆ."

ಅತ್ತೆ ಬಿಡಲಿಲ್ಲ. ಹೊಲಿಯುತ್ತ ಕೂತಲ್ಲೇ ಮಾಡಿದರು. ಮುಂದಿನ ವರ್ಷದ ನಾಟಕಕ್ಕೆ ಮೊದಲ ಸಾಲಿನಲ್ಲಿ ಕೂತು, ಮೊಮ್ಮಗಳು ಮಾತು ಮರೆತು ತಡವರಿಸಿದ್ದಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕರು. ಮನೆಗೆ ಬಂದವರೇ ಸೊಸೆಯ ಕೆನ್ನೆ ಹಿಡಿದು, "ನನ್ನ ಪಾಲಿಗೆ ತಾಯಿ ಕಣೇ ನೀನು," ಎಂದರು.

*

ಶವವಾಹನ ಬರುವ ಹೊತ್ತಿಗೆ ದೂರದಿಂದ ಅತ್ತೆಯ ಅಕ್ಕ ಬಂದಿಳಿದರು. ತಂಗಿಯ ಹಣೆ ಸವರಿ ಪಕ್ಕದಲ್ಲೇ ಕೂತರು. ಬಿಸಿಲಿಗೆ ತುಟಿ ಒಣಗಿತ್ತು. ಸೊಸೆ ನೀರು ಕೊಟ್ಟಳು.

"ಬೇಡಮ್ಮ. ಸ್ಮಶಾನ ದೂರ ಅಂದ್ರು. ದಾರೀಲಿ..." ಲೋಟವನ್ನು ಹಿಂದಕ್ಕೆ ತಳ್ಳಿದರು.

ಸೊಸೆ ಅವರಿಗೆ ಒತ್ತಿ ಕೂತಳು. "ದೊಡ್ಡಮ್ಮ, ಎಲ್ಲಿ ಬೇಕಾದ್ರೂ ಗಾಡಿ ನಿಲ್ಸೋಣ, ನಾನು ಜೊತೆಗಿರ್ತೀನಿ. ಇದೆಲ್ಲ ಮುಗಿದ ಮೇಲೂ ಸ್ವಲ್ಪ ದಿನ ಇಲ್ಲೇ ಇರಿ. ನಂಗೊಬ್ರು ಒಳ್ಳೆ ಡಾಕ್ಟರ್ ಗೊತ್ತು."

ದೊಡ್ಡಮ್ಮ ಅವಳ ಮುಖವನ್ನೇ ನೋಡಿದರು. ಆಮೇಲೆ ಲೋಟ ಇಸಿದುಕೊಂಡು, ತಳ ಕಾಣುವವರೆಗೂ ಗಟಗಟನೆ ಕುಡಿದು, ಇನ್ನೊಂದು ಲೋಟಕ್ಕೆ ಕೈ ಚಾಚಿದರು.