ಗೋಡೆ ಮೂಲೆಯ ಮಣ್ಣು

"ಕೈಗೇನು ಲಕ್ವ ಹೊಡೆದಿದೆಯೇನೇ, ಮುಂಡೆ? ನಿಧಾನಕ್ಕೆ ಕೆರಿ. ಅದೇನು ನಿನ್ನ ಗಂಡನ ಬುರುಡೆಯಾ, ಒಡೆದ್ರೆ ಒಡೀಲಿ ಅನ್ನೋಕೆ?"

ಮೇಸ್ತ್ರಿ ಮೇಲಿನಿಂದ ಕೂಗಿದ. ಗುಂಡಿಯೊಳಗಿದ್ದವಳು ಸಲಿಕೆ ಪಕ್ಕಕ್ಕಿಟ್ಟು ಬೆರಳಿನಿಂದಲೇ ಮಣ್ಣು ಬಿಡಿಸತೊಡಗಿದಳು. ಮಡಕೆಯ ಕಪ್ಪು ಕಂಠ ಇಷ್ಟಿಷ್ಟೇ ಹೊರಬಂತು. ಗಂಡ ಬಾಂಡ್ಲಿ ತುಂಬಿಸಿಕೊಂಡು ಮೇಲೆ ಹತ್ತಿದ. ಬೈಗುಳ ಅವನ ಕಿವಿಗೂ ಬಿದ್ದಿತ್ತು, ಬೀಳದವನಂತೆ ನಡೆದ.

ಪಾಯ ತೋಡುವಾಗ ಮೊದಲ ಮಡಕೆ ಸಿಕ್ಕ ದಿನ, ಮನೆ ಕಟ್ಟಿಸುವ ಯಜಮಾನ "ಒಡೆದು ಕಾಂಕ್ರೀಟು ಸುರೀರಿ" ಅಂದಿದ್ದ. ಅಷ್ಟರಲ್ಲಿ ಪಕ್ಕದ ಮನೆಯವರು ಯಾರಿಗೋ ಫೋನು ಮಾಡಿದ್ದರಿಂದ, ಸರ್ಕಾರದ ಪ್ರಾಚ್ಯವಸ್ತು ಇಲಾಖೆಯ ಸಾಹೇಬರು ಜೀಪಿನಲ್ಲಿ ಬಂದಿಳಿದರು. ಸೈಟಿನ ತುಂಬ ಗೂಟ ಹೊಡೆಸಿ ದಾರ ಕಟ್ಟಿಸಿದರು. ತೋಡುವ ಕೈಗಳು ಮಾತ್ರ ಮೊದಲಿನವೇ.

ಸಾಹೇಬರು ಒಳ್ಳೆಯವರು. ಬೈಯುವ ಕೆಲಸವನ್ನು ಮೇಸ್ತ್ರಿಗೆ ಬಿಟ್ಟಿದ್ದರು.

"ಚಪ್ಪಲಿ ತೆಗೆದು ಇಳೀರಮ್ಮ. ಕೆಳಗೆ ಮನುಷ್ಯರು ಮಲಗಿದಾರೆ" ಅನ್ನುತ್ತಿದ್ದರು.

ಅವತ್ತು ಅವಳು ಬಿಡಿಸಿದ ಮಡಕೆಯ ಬಾಯಿಗೆ ಮುಖವಿಟ್ಟು ಬ್ರಷ್ಷಿನಿಂದ ಮಣ್ಣು ಸವರಿದರು. ಒಳಗೆ ಬೆರಳುದ್ದದ ಮೂಳೆಗಳು.

"ಮಗು" ಅಂದರು. ಅವರ ದನಿ ಒದ್ದೆಯಾಗಿತ್ತು. "ವರ್ಷ ತುಂಬಿರಲಿಲ್ಲ ಅನ್ಸುತ್ತೆ. ಎರಡು ಸಾವಿರ ವರ್ಷದ ಹಿಂದಿನ ತಾಯಿ, ಎಷ್ಟು ಅತ್ತಿದ್ದಳೋ ಪಾಪ. ಜೊತೇಲಿ ಪುಟ್ಟ ಬಟ್ಟಲೂ ಇಟ್ಟಿದಾಳೆ, ನೋಡಮ್ಮ."

ಅವಳು ನೋಡಿದಳು. ಆಮೇಲೆ ಸೈಟಿನ ಹಿಂದಿನ ಕಾಂಪೌಂಡ್ ಗೋಡೆಯ ಮೂಲೆ ನೋಡಿದಳು.

ಚಳಿಗಾಲದಲ್ಲಿ, ಪಾಯಕ್ಕೂ ಮೊದಲು ಇಲ್ಲಿ ಸಂಪು ಕಟ್ಟುವಾಗ, ಅವಳ ಮಗಳಿಗೆ ಜ್ವರ ಬಂದಿತ್ತು. ಸಂಪಿನ ಕಾಂಕ್ರೀಟು ಅರ್ಧಕ್ಕೆ ನಿಂತರೆ ಬಿರುಕು ಬಿಡುತ್ತದೆಂದು ಮೇಸ್ತ್ರಿ ಅವಳನ್ನು ಕದಲಗೊಡಲಿಲ್ಲ. ಸಂಜೆ ಶೆಡ್ಡಿಗೆ ಓಡಿದಾಗ ಕೂಸಿನ ಮೈ ತಣ್ಣಗಿತ್ತು. ಸದ್ಯ ಜ್ವರ ಬಿಟ್ಟಿತಲ್ಲ ಎಂದು ಎತ್ತಿಕೊಂಡು ಹಾಲು ಕುಡಿಸಹೋದಳು. ಸ್ಮಶಾನ ಕಾಯುವವನು "ಈ ಊರಿನ ಚೀಟಿ ಇಲ್ಲದ ಹೆಣ ಇಲ್ಲಿ ಹಾಕೋ ಹಂಗಿಲ್ಲ" ಎಂದು ಗೇಟು ಹಾಕಿಕೊಂಡ. ಗಂಡ ಗೋಡೆ ಮೂಲೆಯಲ್ಲಿ ತೋಡಿದ. ಮೇಸ್ತ್ರಿ ನೋಡಿದ, ನಾಳೆ ಕೆಲಸಕ್ಕೆ ಬರ್ತೀರ ತಾನೆ ಎಂದಷ್ಟೇ ಕೇಳಿದ.

ಈಗ ದಾರ ಆ ಮೂಲೆಗೂ ಬಂದಿತ್ತು.

"ಅಣ್ಣಾ, ಆ ಮೂಲೆ ಒಂದು ಬಿಟ್ಬಿಡು. ನಿಂಗೆ ಗೊತ್ತಲ್ಲ" ಎಂದು ಅವಳು ಮೇಸ್ತ್ರಿಯ ಮುಂದೆ ನಿಂತಳು.

"ಗೊತ್ತಿರೋದಕ್ಕೇ ಹೇಳ್ತಿರೋದು. ಸಾಹೇಬ್ರು ಊಟ ಮುಗಿಸಿ ಬರೋದ್ರೊಳಗೆ ತೆಗೆದು ಆ ಮಣ್ಣಿನ ಗುಡ್ಡೆಗೆ ಹಾಕು. ಲಾರಿ ಬಂದು ಹೊತ್ಕೊಂಡು ಹೋಗುತ್ತೆ. ತನ್ನ ಮನೆ ಕೆಳಗೆ ನಿಮ್ಮ ಹೆಣ ಇತ್ತು ಅಂತ ಯಜಮಾನಂಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾನೆ."

"ಲಾರೀಲಾ?"

"ಇನ್ನೇನು, ಪಲ್ಲಕ್ಕಿ ತರಿಸ್ಲಾ?"

ಗಂಡ ಗುದ್ದಲಿ ಎತ್ತಿದ. "ನೀನು ಬೇಡ. ಹೂತಿದ್ದು ನೀನು, ಸಾಕು" ಎಂದು ಅವಳೇ ಕುಕ್ಕರಿಸಿದಳು. ಮಣ್ಣು ಮೆತ್ತಗಿತ್ತು. ಕೂಸನ್ನು ಸುತ್ತಿದ್ದ ಹಸಿರು ಬಟ್ಟೆ ಬೇಗ ಸಿಕ್ಕಿತು.

ಸಾಹೇಬರು ಅಂದುಕೊಂಡದ್ದಕ್ಕಿಂತ ಬೇಗ ಬಂದರು. ಕುಕ್ಕರಿಸಿದವಳನ್ನು ಕಂಡು ಓಡಿಬಂದರು.

"ಇನ್ನೊಂದು ಸಿಕ್ತಾ? ಮುಟ್ಟಬೇಡ, ಮುಟ್ಟಬೇಡ." ಮಂಡಿಯೂರಿ ಬ್ರಷ್ಷು ಆಡಿಸಿದರು. ಅದು ಅಂಗಿಯ ಪ್ಲಾಸ್ಟಿಕ್ ಬಟನ್ನಿಗೆ ತಾಗಿತು. ಸಾಹೇಬರು ದಡಕ್ಕನೆ ಎದ್ದು ಮೂಗಿಗೆ ಕರ್ಚೀಫು ಹಿಡಿದರು.

"ಛೆ. ಇದು ಹಳೇದಲ್ಲ."

"ನಂದು" ಅಂದಳು.

ಅವರು ಅವಳ ಮುಖ ನೋಡಲಿಲ್ಲ. "ಮೇಸ್ತ್ರಿ, ಇದನ್ನ ಇಲ್ಲಿಂದ ತೆಗೆಸಿ. ಪೊಲೀಸು ಅದು ಇದು ಅಂದ್ರೆ ನಮ್ಮ ಕೆಲಸ ನಿಂತುಹೋಗುತ್ತೆ. ನಾನು ನೋಡಿಲ್ಲ."

"ಎಷ್ಟು ವರ್ಷ ಆಗ್ಬೇಕು ಸ್ವಾಮಿ?"

"ಏನು?"

"ನನ್ನ ಮಗಳು ಹಳೇದಾಗೋಕೆ."

"ಬಾಯಿ ಮುಚ್ಚೇ ಲೌಡಿ" ಎಂದು ಮೇಸ್ತ್ರಿ ಮುನ್ನುಗ್ಗಿದ. "ಹೊರು ಮೊದ್ಲು."

ಹೊತ್ತಳು. ಮಣ್ಣಿನ ಗುಡ್ಡೆ ಎಡಕ್ಕಿತ್ತು. ಅವಳು ಬಲಕ್ಕೆ ತಿರುಗಿದಳು. ಕಾಲಿಗೆ ತೊಡರಿದ ದಾರ ಗೂಟದ ಸಮೇತ ಕಿತ್ತು ಬಂತು. ಗುಂಡಿಗಿಳಿದು ಹಸಿರು ಗಂಟನ್ನು ಮಡಕೆಯ ಮಗ್ಗುಲಲ್ಲಿಟ್ಟಳು. ಮೇಲೆ ಬಂದು ಸಲಿಕೆ ಹಿಡಿದು, ಅಂಚಿಗೆ ಒಟ್ಟಿದ್ದ ಮಣ್ಣನ್ನು ಒಳಕ್ಕೆ ಎಳೆಯತೊಡಗಿದಳು.

"ಏಯ್, ಏನ್ಮಾಡ್ತಿದೀಯ?" ಸಾಹೇಬರು ಮೊದಲ ಸಲ ಕೂಗಿದರು.

"ಮುಚ್ತಿದೀನಿ. ತೋಡಿದ್ದಕ್ಕೆ ಕೂಲಿ ಕೊಟ್ರಿ. ಇದು ಬಿಟ್ಟಿ."

ಮೇಸ್ತ್ರಿ ಅವಳ ತುರುಬಿಗೆ ಕೈ ಹಾಕಿದ. ಗಂಡ ಮಣ್ಣು ತುಂಬಿದ ಬಾಂಡ್ಲಿಯೊಂದನ್ನು ಗುಂಡಿಗೆ ಬೋರಲು ಹಾಕಿ ಪಿಕಾಸಿ ಎತ್ತಿಕೊಂಡ.

"ಕೈ ತೆಗಿ, ಸೂಳೆಮಗನೆ. ಗುಂಡಿ ಇನ್ನೂ ತುಂಬಿಲ್ಲ."

ಮೇಸ್ತ್ರಿ ಕೈ ತೆಗೆದ. ಸಾಹೇಬರು ಫೋನು ಕಿವಿಗೊತ್ತಿ ಪೊಲೀಸರನ್ನೇ ಕರೆಯುತ್ತಿದ್ದರು. ಉಳಿದ ಕೂಲಿ ಹೆಂಗಸರು ಬಾಂಡ್ಲಿ ಹಿಡಿದು ನಿಂತಲ್ಲೇ ನಿಂತಿದ್ದರು. ಅವಳು ಯಾರ ಕಡೆಯೂ ತಿರುಗದೆ ಎಳೆಯುತ್ತಲೇ ಇದ್ದಳು. ಮಡಕೆಯ ಬಾಯಿ ಮುಚ್ಚಿತು. ಹಸಿರು ಬಟ್ಟೆಯ ಒಂದು ತುದಿ ಇನ್ನೂ ಕಾಣುತ್ತಿತ್ತು.