ಅರ್ಧ ಗ್ಲಾಸು

ಸುಂದರಬಾಯಿ ಒಣ ಗಂಟಲಲ್ಲಿ ಉಗುಳು ನುಂಗಿದ್ದು ಶೀತಲ್ ಕಣ್ಣಿಗೆ ಬಿತ್ತು, ಬಾಯಿ ಒಣಗಿದೆ, ಒಣಗಲಿ, ಬಸವಕಲ್ಯಾಣದಿಂದ ಹುಮನಾಬಾದಿನ ತನಕ ಮೇ ತಿಂಗಳ ಬಿಸಿಲಲ್ಲಿ ಬಸ್ಸಿನ ಕಿಟಕಿಗೆ ಕೂತು ಬಂದರೆ ಒಣಗದೆ ಇನ್ನೇನು — ಶೀತಲ್, ಮದ್ಲ ಒಂದೀಟು ನೀರು ಕೊಡವಾ — ಅಬ್ಬಾ, ಈ ಮಾತು ಈ ಬಾಯಲ್ಲಿ! ಅಣ್ಣನ ಹೆಂಡತಿ, ಹನ್ನೊಂದು ವರ್ಷ ಶೀತಲ್‌ಗೆ ನೀರು ಅಳೆದು ಕೊಟ್ಟ ಪುಣ್ಯಾತ್ಗಿತ್ತಿ, ಬೆಳಿಗ್ಗೆ ಅರ್ಧ ಗ್ಲಾಸು, ಸಂಜೆ ಅರ್ಧ ಗ್ಲಾಸು, ನಡುವೆ ಕೇಳಿದರೆ ಅದೇ ರಾಗ, ಕುಡದ್ರ ಬಚ್ಚಲಕ ಹೋಗಬೇಕಾಗ್ತದ, ನಿನ್ನ ಎತ್ತಾವ್ರು ಯಾರು, ನನ್ನ ಸೊಂಟ ಕಬ್ಬಿಣದ್ದೇನು, ಸಂಜೀತನಕ ಇಷ್ಟ ಸಾಕು — ಟ್ರ್ಯಾಕ್ಟರ್ ಉರುಳಿದಾಗ ಸತ್ತದ್ದು ಎರಡು ಕಾಲು, ನಾಲಿಗೆಯಲ್ಲ, ಗಂಟಲಲ್ಲ, ಅದು ಯಾರಿಗೂ ತಿಳಿಯಲಿಲ್ಲ, ಇಲ್ಲ, ಅಣ್ಣ ಓಂಪ್ರಕಾಶನಿಗೆ ತಿಳಿದಿತ್ತು, ತಿಳಿದೂ ಪೇಪರಿನ ಹಿಂದೆ ಮುಖ ಇಟ್ಟುಕೊಂಡು ಕೂರುತ್ತಿದ್ದ, ಹೇಡಿ, ಅವನ ಮೇಲೂ ಸಿಟ್ಟಿದೆ, ಆದರೆ ಇವತ್ತಿನ ಪಾಳಿ ಇವಳದು.

ಅಕ್ಕಾ, ನಿಮಗ ಏನು ಬೇಕ್ರಿ, ಏನು ನೀವ ಮಾಡ್ಕೋತೀರಿ, ಯಾವುದಕ್ಕ ನಾ ಕೈ ಹಚ್ಚಲಿ, ಎಲ್ಲಾ ನೀವು ಹೇಳಿದಂಗ — ನೆರವಿನ ಸಂಸ್ಥೆಯ ಶಾಯಿಸ್ತಾ ಮೊದಲ ದಿನ ಫಾರ್ಮು ಹಿಡಿದು ಕೇಳಿದಾಗ ಶೀತಲ್ ಬಾಯಿಂದ ಬಂದದ್ದು ಒಂದೇ, ಬಾಯಾರಿದಾಗ ನೀರು, ಆ ಹುಡುಗಿ ಅದನ್ನೇ ಫಾರ್ಮಿನಲ್ಲಿ ಬರೆದುಕೊಂಡಳು. ಆಮೇಲೆ ಈ ಬಾಡಿಗೆ ಕೋಣೆ, ಬಚ್ಚಲ ಗೋಡೆಗೆ ಹಿಡಿದೇಳುವ ಕಬ್ಬಿಣದ ಸರಳು, ಗಾಲಿಕುರ್ಚಿಯಿಂದ ತಾನೇ ಸರಿದು ಕೂರುವುದನ್ನು ಕಲಿಯಲು ಮೂರು ತಿಂಗಳು, ಬಿದ್ದದ್ದೆಷ್ಟು, ಮೊಣಕೈ ತರಚಿದ್ದೆಷ್ಟು, ಈಗ ಶಾಯಿಸ್ತಾ ಬೆಳಿಗ್ಗೆ ಸಂಜೆ ಬಂದರೆ ಸಾಕು, ಶೀತಲ್ ದಿನಕ್ಕೆ ಹತ್ತು ಗ್ಲಾಸು ಕುಡಿಯುತ್ತಾಳೆ, ಬಾಯಾರದಿದ್ದರೂ ಕುಡಿಯುತ್ತಾಳೆ, ಹಟಕ್ಕೆ. ಸುಂದರಬಾಯಿ ಏನು ಅನ್ನುತ್ತಿದ್ದಾಳೆ — ನನ್ನ ಮಗಳ ಲಗ್ನ ಗೊತ್ತಾಗೇದ, ಆಕಿ ಸೋದರತ್ತೀನ್ಯಾಕ ಹೊರಗ ಹಾಕೀರಿ ಅಂತ ಬೀಗರು ಕೇಳಾಕತ್ತಾರ, ಎರಡು ತಿಂಗಳು ಬಂದಿರು, ಆಮ್ಯಾಗ ನಿನ್ನ ಖುಷಿ — ಎರಡು ತಿಂಗಳು! ಒಂದು ತಿಂಗಳು ಬೀಗ ಹಾಕಿದರೆ ಈ ಕೋಣೆ, ಶಾಯಿಸ್ತಾಳ ಸಮಯ, ಎರಡೂ ಕಾದು ಕೂತ ಇನ್ನೊಬ್ಬರಿಗೆ ಹೋಗುತ್ತವೆ, ಸಂಸ್ಥೆಯ ನಿಯಮ, ಅಣ್ಣ ಫೋನು ಮಾಡಿ ವಿಚಾರಿಸಿದ್ದಾನೆ, ಶಾಯಿಸ್ತಾಳೇ ಹೇಳಿದ್ದಳು, ಅಂದರೆ ಇವಳು ಗೊತ್ತಿದ್ದೇ ಬಂದಿದ್ದಾಳೆ, ಗೊತ್ತಿದ್ದೇ!

ಗಾಲಿ ತಿರುಗಿಸಿದಳು, ಅವಸರವಿಲ್ಲದೆ, ಮಡಕೆ ಅವಳ ಮೊಣಕೈ ಎತ್ತರಕ್ಕಿದೆ, ಗ್ಲಾಸು ತುಂಬಿದಳು, ತುಂಬಿ ಅರ್ಧ ವಾಪಸು ಸುರಿದಳು, ಸದ್ದು ಕೇಳಲಿ ಎಂದೇ ಮೇಲಿನಿಂದ ಸುರಿದಳು. ಸಂಜೀತನಕ ಇಷ್ಟ ಸಾಕ್ರಿ ವೈನಿ, ನಾ ಎಲ್ಲಿಗೂ ಬರೂದಿಲ್ಲ. ಸುಂದರಬಾಯಿಯ ಮುಖ ಇಳಿಯಿತು, ನೆನಪಿದೆ ಹಾಗಾದರೆ, ಎಲ್ಲಾ ನೆನಪಿದೆ, ಒಂದೇ ಗುಟುಕಿಗೆ ಕುಡಿದಳು, ಮತ್ತೆ ಗ್ಲಾಸು ಚಾಚಿದಳು. ಕಾಲಿವೆಯಲ್ಲ ಇವಳಿಗೆ, ನಾಲ್ಕೇ ಹೆಜ್ಜೆ, ಎದ್ದು ತುಂಬಿಕೊಂಡರೆ ಕುರ್ಚಿಯಲ್ಲಿರುವವಳು ತಡೆಯುವುದುಂಟೆ, ಏಳುತ್ತಿಲ್ಲ, ಯಾಕೆ ಏಳುತ್ತಿಲ್ಲ — ಮನೆ ಇವಳದಲ್ಲ, ಶೀತಲ್‌ದು, ಯಾರ ಮನೆಯೋ ಅವರೇ ಕೊಡಬೇಕು — ಎಂಥ ಸುಖ ಇದು, ಎದೆ ತಣ್ಣಗಾಗುವ ಸುಖ, ಕೊಡಲೇ, ಬೇಡ, ಇನ್ನೊಂದು ಗಳಿಗೆ, ಬಳೆಗಳು ಮೊಣಕೈಗೆ ಜಾರಿವೆ, ಚಾಚಿದ ಕೈ, ಇನ್ನೊಂದು ಗಳಿಗೆ, ಖಾಲಿ ಗ್ಲಾಸು, ಆ ಚಾಚಿದ ಕೈ, ಹನ್ನೊಂದು ವರ್ಷ ತನ್ನದಾಗಿದ್ದ ಕೈ —